ಎರಡು ಸಲ ಕಿರುಗುಟ್ಟಿದ ಆಸನ

ಇಸವಿ ೨೩೧೯, ಫೆಬ್ರವರಿ ೩೦

ಒಂಬತ್ತು ಸಲ ಗೆದ್ದ ಶಾಸಕರೇ, ಸದನದ ಸಿಂಹವೇ, ಈರಸಂಗಪ್ಪನವರೇ, ಶರಣು!

ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಭಾಷಣಗಳಿಂದ, ನೀವೋ ಸಣ್ಣ ದನಿಯಲ್ಲಿ ಮಾತಾಡಿದವರಲ್ಲ. ನಾನು ದನಿಗಾವಲಿನವಳು, ಅಂದರೆ ಹಳೆಯ ಸದನಗಳ ಧ್ವನಿಮುದ್ರಣ ಕಾಯುವವಳು. ನಿಮ್ಮ ಶಿಷ್ಯೆ ನೀಲವ್ವನ ವಂಶದವಳು.

ಏನು ದನಿ ಅದು! ಪ್ರತಿ ಅಧಿವೇಶನಕ್ಕೂ ಕ್ಷೇತ್ರದಿಂದ ಒಂದು ಬಸ್ಸು ತುಂಬ ಜನರನ್ನು ಕರೆತಂದು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂಡಿಸುತ್ತಿದ್ದಿರಿ. ತೂಕಡಿಸುತ್ತಿದ್ದ ಮಂತ್ರಿಗೆ ನೀವು, "ಏಳ್ರಿ ಸಾಹೇಬ್ರ, ಮ್ಯಾಲೆ ನಮ್ಮ ಬೀಗರು ಕುಂತಾರ" ಅಂದಾಗ ಗ್ಯಾಲರಿ ನಕ್ಕ ಸದ್ದು ಇನ್ನೂ ನನ್ನ ಬಳಿ ಇದೆ. ನೀಲವ್ವ ಮೊದಲು ಬಂದದ್ದೂ ಆ ಬಸ್ಸಿನಲ್ಲೇ, ಶೇಂಗಾ ಹೋಳಿಗೆಯ ಗಂಟು ಹಿಡಿದು. ಅವಳಿಗೆ ಅರ್ಜಿ ಬರೆಯಲು, ಪ್ರಶ್ನೆ ಹಾಕಲು, ಸೋತು ಮತ್ತೆ ನಿಲ್ಲಲು ಕಲಿಸಿದಿರಿ. ಶಾಸಕಿಯನ್ನಾಗಿಯೂ ಮಾಡಿದಿರಿ.

ನಮ್ಮಲ್ಲಿ ಗ್ಯಾಲರಿ ಇಲ್ಲ. ಸದನ ಎಲ್ಲಿ ಸೇರುತ್ತದೋ ಗೊತ್ತಿಲ್ಲ. ರೊಟ್ಟಿ ಬಡಿಯುವ ಹೊತ್ತಿಗೆ ಮನೆಮನೆಯ ಗೋಡೆಯಲ್ಲಿ ಆಜ್ಞಾಫಲಕ ಮಿನುಗುತ್ತದೆ. ಇಂದಿನಿಂದ ನಿಮ್ಮ ಓಣಿ ಇಲ್ಲ ಎಂದು ಅದು ತೋರಿಸಿದರೆ, ಒಲೆ ಆರಿಸಿ ಪಾತ್ರೆ ಕಟ್ಟುತ್ತೇವೆ. ಯಾರು ಹೇಳಿದರು, ಯಾರು ಬೇಡವೆಂದರು, ತಿಳಿಯದು. ಕಳೆದ ವಾರ ನನ್ನ ಅವ್ವನ ಓಣಿ ಹೋಯಿತು. ಯಾರನ್ನು ಬೈಯಬೇಕೆಂದು ಅವಳು ಕೇಳಿದಳು. ನನಗೆ ಗೊತ್ತಿದ್ದ ಹೆಸರು ನಿಮ್ಮದೊಂದೇ.

ಇದೆಲ್ಲ ಶುರುವಾದದ್ದು ಗ್ಯಾಲರಿ ಮುಚ್ಚುವ ನಿರ್ಣಯದಿಂದ. ನಿಮಗೆ ಅದು ಬರುವ ಸೋಮವಾರ. ನೀವು ವಿರೋಧಿಸಿ ಗುಡುಗುತ್ತೀರಿ. ನಿಮ್ಮ ಗುಡುಗು ಸದನಕ್ಕೆ ಹಳೆಯದು. ಆಮೇಲೆ ಒಂದು ಆಸನ ಕಿರುಗುಟ್ಟುತ್ತದೆ. ನೀಲವ್ವ ಎದ್ದು, "ಮಾನ್ಯ ಸಭಾಧ್ಯಕ್ಷರೇ" ಅನ್ನುತ್ತಾಳೆ. ಆಗ ನಿಮ್ಮ ದನಿ, ನಾನೆಂದೂ ಕೇಳಿರದಷ್ಟು ಮೆಲ್ಲಗೆ: "ಕುಂದ್ರವಾ ತಂಗಿ. ಹೊಸಬ್ರು ಮೊದಲನೇ ಅಧಿವೇಶನದಾಗ ಬರೇ ಕೇಳಬೇಕು."

ಅದು ನಿಮ್ಮ ಗುರುಗಳು ನಿಮಗೆ ಕಲಿಸಿದ ಪದ್ಧತಿ. ಅವಳು ಕೂರುತ್ತಾಳೆ, ಆಸನ ಮತ್ತೆ ಕಿರುಗುಟ್ಟುತ್ತದೆ. ನಿರ್ಣಯ ಮೂರು ಮತಗಳಿಂದ ಗೆಲ್ಲುತ್ತದೆ. ಹೊಸಬರಲ್ಲೊಬ್ಬರು ಬಾಯಿ ತೆರೆದಿದ್ದರೆ ನಾವೂ ಎದುರು ಮತ ಹಾಕುತ್ತಿದ್ದೆವು ಎಂದು ಐವರು ಹೊಸ ಸದಸ್ಯರು ಮುಂದೆ ಬರೆದಿಟ್ಟರು. ಆಮೇಲೆ ನೀವು ಸದನದಲ್ಲಿದ್ದ ಕೊನೆಯ ಎರಡು ವರ್ಷದ ಮುದ್ರಣದಲ್ಲಿ ಇರುವುದು ನಿಮ್ಮ ಕೆಮ್ಮು ಮಾತ್ರ.

ಬೈಯಲು ಬರೆಯುತ್ತಿಲ್ಲ, ಅಜ್ಜಾ. ಬೇಡಿಕೊಳ್ಳುತ್ತಿದ್ದೇನೆ. ಅವಳು ಎದ್ದಾಗ ಸುಮ್ಮನಿರಿ. ಕಳೆದ ಕಾಲಕ್ಕೆ ಹೋಗುವ ಈ ಹಿಂದಂಚೆ ಇದುವರೆಗೆ ಒಂದು ಕಾಗದವನ್ನೂ ಮುಟ್ಟಿಸಿದ ಸುದ್ದಿಯಿಲ್ಲ. ಆದರೂ ಹಾಕುತ್ತೇನೆ. ನಾಳೆ ಬೆಳಿಗ್ಗೆ ಮತ್ತೆ ಆ ಮುದ್ರಣ ಹಚ್ಚಿ ಕಿವಿಗೊಟ್ಟು ಕೂರುತ್ತೇನೆ.

ಆಸನ ಒಂದೇ ಸಲ ಕಿರುಗುಟ್ಟಲಿ.