ಮೂರು ಊರುಗಳಲ್ಲಿ ಒಂದು

ಮಿಲ್ವಾಕಿ
ಭಾನುವಾರ, ಏಪ್ರಿಲ್ 23

ಪ್ರೀತಿಯ ಬೆಥನಿ,

ನೀನು, ಗ್ರಾಂಟ್, ಪುಟ್ಟ ಓಟಿಸ್ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಓಟಿಸ್‌ಗೆ ಹಲ್ಲು ಬಂತೇ? ನಾನು ಬಂದಿದ್ದಾಗ ಅವನು ನನ್ನ ಬೆರಳನ್ನು ಬಾಯಿಗೆ ಹಾಕಿಕೊಂಡು ಬರೀ ಒಸಡಿನಲ್ಲೇ ಎಷ್ಟು ಗಟ್ಟಿಯಾಗಿ ಕಚ್ಚಿದ್ದ! ಈಗ ಹಲ್ಲೂ ಬಂದಿದ್ದರೆ ನಿನ್ನ ಗತಿ ದೇವರೇ ಕಾಯಬೇಕು.

"ಯಾವ ಊರು ಆಯ್ತೇ? ಬಾಯಿಬಿಡೇ" ಎಂದು ನೀನು ಕೇಳುತ್ತಲೇ ಇದ್ದೆ, ನಾನು ಉತ್ತರ ಕೊಡಲಿಲ್ಲ. ಕ್ಷಮಿಸು. ಪ್ರತಿ ಸಲವೂ ಫೋನಿನಲ್ಲಿ ಏನೋ ಬರೆಯುತ್ತಿದ್ದೆ, ಅಳಿಸುತ್ತಿದ್ದೆ. ಮ್ಯಾಡಿಸನ್‌ನಲ್ಲಿ ಓದುವಾಗ ಬೇಸಿಗೆ ರಜೆ ಬಂತೆಂದರೆ ನಾವಿಬ್ಬರೂ ಕಾಗದ ಬರೆದುಕೊಳ್ಳುತ್ತಿದ್ದೆವಲ್ಲ, ಇವತ್ತು ಹಾಗೇ ಕೂತಿದ್ದೇನೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವುದಿಲ್ಲ ಎನ್ನುವುದೊಂದು ಅನುಕೂಲ.

ಇಲ್ಲಿನ ಕಚೇರಿ ಜೂನ್ ಕೊನೆಗೆ ಮುಚ್ಚುವುದು ಖಾತ್ರಿಯಾಯಿತು. ಹಳೇ ಸೇತುವೆಗಳ ಬಿರುಕು, ತುಕ್ಕು ನೋಡುವವರಿಗೆ ಎಲ್ಲಿ ಹೋದರೂ ಕೆಲಸ ಇದ್ದೇ ಇರುತ್ತದೆ ನೋಡು, ಅದಕ್ಕೇ ಕಂಪನಿ ನಮ್ಮನ್ನು ಮನೆಗೆ ಕಳಿಸಲಿಲ್ಲ. ನೀನಿರುವ ಬಾಯ್ಸಿ, ಚಟನೂಗಾ, ಒಮಾಹಾ, ಈ ಮೂರು ಊರುಗಳಲ್ಲಿ ಯಾವುದಾದರೂ ಆರಿಸಿಕೊಳ್ಳಿ ಎಂದಿತು. ಆವತ್ತಿನಿಂದ ಕಚೇರಿಯಲ್ಲಿ ಬೇರೆ ಮಾತೇ ಇಲ್ಲ. ಯಾವ ಊರಲ್ಲಿ ಬಾಡಿಗೆ ಕಡಿಮೆ, ಎಲ್ಲಿ ಬಿಸಿಲು ಜಾಸ್ತಿ, ಎಲ್ಲಿ ಮದುವೆಯಾಗದವರು ಹೆಚ್ಚು ಸಿಗುತ್ತಾರೆ, ಎಲ್ಲಿಯ ಬಿಯರ್ ನಮ್ಮ ಮಿಲ್ವಾಕಿಯ ಬಿಯರಿಗೆ ಸಮ. ಹುಡುಗರು ಇದನ್ನೇ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಜಗಳ ಆಡುತ್ತಾರೆ.

ನಮ್ಮ ಮೇಲಧಿಕಾರಿ ಡೇಲ್ ನಿನಗೆ ಗೊತ್ತಲ್ಲ, ಆ ದೊಡ್ಡ ಮೀಸೆಯವನು. ಒಂದು ದಿನ ನನ್ನ ಮೇಜಿಗೆ ಒರಗಿ ನಿಂತು, "ನಿಂದೇನಮ್ಮಾ, ಗಂಡ ಇಲ್ಲ, ಮಕ್ಕಳಿಲ್ಲ, ಒಂದು ನಾಯೀನೂ ಸಾಕಿಲ್ಲ. ಕಣ್ಮುಚ್ಚಿ ಭೂಪಟದ ಮೇಲೆ ಬೆರಳಿಟ್ರೂ ನಡೆಯುತ್ತೆ. ನನ್ನ ಹೆಂಡತಿ ನೋಡು, ಮಗಳ ಹೈಸ್ಕೂಲ್ ಮುಗಿಯೋವರೆಗೂ ಈ ಮನೆಯಿಂದ ಒಂದು ಕುರ್ಚಿ ಆಚೆ ಇಡೋಕೂ ಬಿಡಲ್ಲ ಅಂತಿದಾಳೆ" ಎಂದ. ಅವನು ಕೆಲಸವನ್ನೇ ಬಿಡುತ್ತಿದ್ದಾನೆ, ಪಾಪ. ನನ್ನನ್ನು ಕಂಡು ಅವನಿಗೆ ಹೊಟ್ಟೆಕಿಚ್ಚು. ನಾನು ನಕ್ಕೆ. ಈಚೆಗೆ ನಗುವುದು ಸುಲಭವಾಗಿದೆ. ಬಾಯಿ ತನ್ನಷ್ಟಕ್ಕೆ ತಾನು ನಗುತ್ತದೆ, ನಾನು ಪಕ್ಕದಲ್ಲಿ ನಿಂತು ನೋಡುತ್ತಿರುತ್ತೇನೆ.

ಇನ್ನೂ ಯಾವ ಊರೂ ಗೊತ್ತಾಗದಿದ್ದಾಗ ಒಂದು ಶುಕ್ರವಾರ ಮ್ಯಾನಿಟೊವಾಕ್‌ನಿಂದ ಅಪ್ಪ ಬಂದಿದ್ದ. ಇಬ್ಬರೂ ಮೀನು ತಿನ್ನಲು ಹೋದೆವು. ಅವನು ಆಲೂಗಡ್ಡೆ ದೋಸೆಗೆ ಸೇಬಿನ ಗೊಜ್ಜು ಸವರುತ್ತ, "ನಿಂಗೆ ಯಾವ್ದು ಇಷ್ಟ, ಅದನ್ ಹೇಳು ಮೊದ್ಲು" ಎಂದ.

"ಎಲ್ಲಾ ಒಂದೇ ಅಪ್ಪ."

"ಮೂರು ಊರು ಹೆಂಗೆ ಒಂದೇ ಆಗುತ್ತೆ? ಒಂದರಲ್ಲಿ ಬೆಟ್ಟ ಇದೆ, ಒಂದರಲ್ಲಿ ಬರೀ ಬಯಲು."

"ಇದೆ. ಇದ್ರೂ ಒಂದೇ."

ಅವನು ಸ್ವಲ್ಪ ಹೊತ್ತು ನನ್ನ ತಟ್ಟೆಯನ್ನೇ ನೋಡಿದ. ನಾನು ಮೀನನ್ನು ಮುರಿದು ಮುರಿದು ಗುಡ್ಡೆ ಹಾಕಿದ್ದೆ, ತಿಂದಿರಲಿಲ್ಲ. "ಮೈ ಹುಷಾರಿದೆಯೇನೇ ಮಗಳೇ?" ಎಂದ. ಹುಷಾರಾಗಿಯೇ ಇದ್ದೇನೆ, ಬೆಥ್. ಜ್ವರವಿಲ್ಲ, ನಿದ್ದೆ ಬರುತ್ತದೆ, ಕೆಲಸಕ್ಕೆ ತಪ್ಪದೆ ಹೋಗುತ್ತೇನೆ. ಕಾಲು ಮಡಿಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಕಾಲು ಮುಟ್ಟಿದ ಹಾಗೆ. ಹಾಗಿದೆ, ಅಷ್ಟೇ.

ನಿಮ್ಮಲ್ಲಿಂದ ಬಂದ ಮೇಲೆ ಮೊದಲು ಹೋದದ್ದು ಚಟನೂಗಾಕ್ಕೆ. ನಾನು ಹೊರಟಾಗ ಇಲ್ಲಿ ಕೆರೆಯ ಅಂಚಿನಲ್ಲಿ ಇನ್ನೂ ಮಂಜುಗಡ್ಡೆ ಇತ್ತು, ಅಲ್ಲಿ ಇಳಿದರೆ ಮರಗಳೆಲ್ಲ ಹೂ ಬಿಟ್ಟು ನಿಂತಿದ್ದವು. ಮನೆ ತೋರಿಸಲು ಬಂದವಳ ಹೆಸರು ಲೇಸಿ. ಹಳೇ ಗೋದಾಮಿನೊಳಗೇ ಮಾಡಿದ ಮನೆಗಳನ್ನು ತೋರಿಸುತ್ತ, "ನಿಮ್ಮ ವಯಸ್ಸಿನೋರೆಲ್ಲ ಇಲ್ಲಿಗೇ ಬರ್ತಿದ್ದಾರೆ ಬಂಗಾರೀ, ಬಂದೋರು ವಾಪಸ್ ಹೋಗೋದೇ ಇಲ್ಲ" ಎನ್ನುತ್ತಿದ್ದಳು. ಗೋಡೆಯ ಇಟ್ಟಿಗೆಗಳನ್ನು ಬೇಕೆಂದೇ ಗಾರೆ ಹಚ್ಚದೆ ಹಾಗೇ ಬಿಟ್ಟಿದ್ದರು. ನಾನು ಒಂದೊಂದು ಕೋಣೆಗೂ "ಚೆನ್ನಾಗಿದೆ" ಎಂದೆ. ಕೊನೆಯ ಮನೆಯ ಒಡತಿ, ಬೆಳ್ಳಿಕೂದಲಿನ ಅಜ್ಜಿ, ಸಕ್ಕರೆ ಸುರಿದ ತಣ್ಣನೆಯ ಟೀ ಕೈಗಿಟ್ಟು, "ನೀವು ಯಾವ ಚರ್ಚಿಗೆ ಹೋಗ್ತೀರಮ್ಮ?" ಎಂದು ಕೇಳಿದಳು. ಯಾವುದಕ್ಕೂ ಇಲ್ಲ ಎಂದೆ. "ಅಯ್ಯೋ, ಅದಕ್ಕೇನಂತೆ, ಇಲ್ಲಿ ಬೇಕಾದಷ್ಟಿವೆ" ಎಂದು ನನ್ನ ಕೈ ತಟ್ಟಿದಳು. ನನಗೆ ಹಸಿವಾಗಿದೆ, ಅದನ್ನು ಇವತ್ತು ಸರಿಮಾಡಿಬಿಡಬಹುದು ಎನ್ನುವ ಹಾಗೆ.

ಸಂಜೆ ನದಿಯ ಮೇಲಿನ ಆ ಹಳೇ ಕಬ್ಬಿಣದ ಸೇತುವೆಯ ಮೇಲೆ ನಡೆದೆ, ಈಗ ಕಾಲುನಡಿಗೆಯವರಿಗೆ ಮಾತ್ರ ಬಿಟ್ಟಿದ್ದಾರಲ್ಲ, ಅದು. ನಿನಗೆ ಗೊತ್ತು, ಸೇತುವೆ ಕಂಡರೆ ನಾನು ಹೇಗೆ ಆಡುತ್ತೇನೆ ಅಂತ. ಮಿಸಿಸಿಪ್ಪಿ ದಾಟುವಾಗಲೆಲ್ಲ ಕಾರು ನಿಲ್ಲಿಸಿ ಕೆಳಗೆ ಇಳಿದು ನೋಡುತ್ತಿದ್ದೆ, ನೀನು ಕಾರಿನಲ್ಲಿ ಕೂತು ಬೈಯುತ್ತಿದ್ದೆ. ಈ ಸೇತುವೆಯನ್ನು ದಾಟಿ ಆ ದಡಕ್ಕೆ ಬಂದ ಮೇಲೆ ಹೊಳೆಯಿತು: ಒಂದು ಮೊಳೆಯನ್ನೂ ನೋಡಿಲ್ಲ, ಒಂದು ಸಲವೂ ಬಗ್ಗಿಲ್ಲ. ಮತ್ತೆ ಹಿಂದಕ್ಕೆ ನಡೆದೆ, ಈ ಸಲ ನೋಡಬೇಕು ಅಂತ. ಯಾರೋ ಗಂಡ ಹೆಂಡತಿ ಫೋಟೋ ತೆಗೆದುಕೊಡಿ ಎಂದು ಕೇಳಿದರು. ತೆಗೆದುಕೊಟ್ಟೆ. "ನೀವು ಈ ಊರೋರಾ?" ಎಂದರು. ಯಾಕೋ ಹೌದು ಎಂದುಬಿಟ್ಟೆ. ಮತ್ತೆ ನೋಡುವುದು ಮರೆತೇಹೋಯಿತು.

ಒಮಾಹಾಕ್ಕೆ ಹೋದದ್ದು ಎರಡು ವಾರ ಕಳೆದು. ವಿಮಾನ ನಿಲ್ದಾಣಕ್ಕೆ ಆ ಕಚೇರಿಯ ರಮೋನಾ ಫಿಟ್ಸ್ ಬಂದಿದ್ದಳು. ಐವತ್ತು ದಾಟಿದ ಹೆಂಗಸು, ನಕ್ಷೆ ತೆಗೆಯುವ ಕೆಲಸ, ಗಂಟಲು ಟ್ರಕ್ ಡ್ರೈವರನದು. ಕಾರಿನ ಸೀಟಿನ ತುಂಬ ನಾಯಿಯ ಕೂದಲು. "ಕಪ್ಪು ಪ್ಯಾಂಟ್ ಹಾಕ್ಕೊಂಡ್ ಬಂದಿದೀಯ, ಪುಣ್ಯಾತ್ಗಿತ್ತಿ. ಇಳಿಯೋಷ್ಟರಲ್ಲಿ ನೀನೂ ನಾಯಿ ಥರಾನೇ ಕಾಣ್ತೀಯ" ಎಂದಳು. ಊರು ತೋರಿಸುತ್ತಾಳೆ ಅಂದುಕೊಂಡರೆ ನೇರ ಒಂದು ಹೋಟೆಲಿಗೆ ಕರೆದುಕೊಂಡು ಹೋಗಿ, ನನ್ನನ್ನು ಕೇಳದೆಯೇ ಇಬ್ಬರಿಗೂ ದನದ ಮಾಂಸದ ಸ್ಯಾಂಡ್‌ವಿಚ್ ಹೇಳಿದಳು.

"ನೋಡು, ನಾನು ನಿಂಗೆ ಊರು ಮಾರೋಕೆ ಬಂದಿಲ್ಲ" ಎಂದು ಶುರುಮಾಡಿದಳು. "ಬೇಸಿಗೇಲಿ ಬೆಂದು ಹೋಗ್ತೀಯ. ಚಳಿಗಾಲ ನಿಮ್ಮೂರಿನಷ್ಟೇ ದರಿದ್ರ. ಗುಡ್ಡ ಇಲ್ಲ. ನಿಮ್ಮ ಥರ ದೊಡ್ಡ ಕೆರೆ ಇಲ್ಲ. ಗಾಳಿ ಅಂತೂ ನಿಲ್ಲೋದೇ ಇಲ್ಲ."

"ಮತ್ತೆ ಏನಿದೆ ಇಲ್ಲಿ?"

"ನಾನಿದೀನಲ್ಲ!" ಎಂದು ಬಾಯಿತುಂಬ ಸ್ಯಾಂಡ್‌ವಿಚ್ ಇಟ್ಟುಕೊಂಡೇ ಹೇಳಿದಳು. "ನನ್ನ ಎದುರುಗಡೆ ಮೇಜು ಖಾಲಿ ಬಿದ್ದು ಯಾವ ಕಾಲ ಆಯ್ತೋ. ಗೋಡೆ ಜೊತೆ ಊಟ ಮಾಡಿ ಮಾಡಿ ಸಾಕಾಗಿಹೋಗಿದೆ ಕಣೇ ಹುಡುಗಿ. ಬಾ ನೀನು. ಬಂದುಬಿಡು."

ನನ್ನ ಮುಖ ಕೂಡ ನೋಡಲಿಲ್ಲ ಅವಳು, ಕರವಸ್ತ್ರಕ್ಕೆ ತಡಕಾಡುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ಬಂದದ್ದು ಮೊದಲು ನನಗೇ ಗೊತ್ತಾಗಲಿಲ್ಲ, ಕೆನ್ನೆ ಒದ್ದೆಯಾದ ಮೇಲೆ ತಿಳಿಯಿತು. ಸಾಸಿವೆ ತುಂಬ ಘಾಟು ಎಂದೆ. ಅವಳು ತನ್ನ ಸ್ಯಾಂಡ್‌ವಿಚ್ ಬಿಡಿಸಿ ನೋಡಿ, "ಇದ್ರಲ್ಲಿ ಸಾಸಿವೇನೇ ಹಾಕಿಲ್ಲ" ಎಂದಳು. ಆಮೇಲೆ ಒಂದು ಹಿಡಿ ಕಾಗದದ ಕರವಸ್ತ್ರ ನನ್ನ ಕಡೆ ತಳ್ಳಿ, ನಾಯಿಯ ಕಾಲಿಗೆ ಆಪರೇಷನ್ ಆದ ಕತೆ ಹೇಳತೊಡಗಿದಳು. ದೊಡ್ಡ ಕತೆ. ನನಗೆ ಸಾಕೆನಿಸುವವರೆಗೂ ಅಳಲು ಬಿಟ್ಟು, ಆ ಕತೆಯನ್ನು ಎಳೆದಳು ಅಂತ ಈಗ ಅನ್ನಿಸುತ್ತದೆ.

ಹೀಗೆ, ಒಮಾಹಾ ಎಂದು ಹೇಳಿದೆ. ಡೇಲ್ ಎರಡು ಸಲ ಕೇಳಿದ. "ಒಮಾಹಾ? ನಿಜವಾಗ್ಲೂ? ಬೆಟ್ಟ ನದಿ ಎಲ್ಲಾ ಇರೋ ಊರು ಬಿಟ್ಟು?" ಅವನಿಗೆ ಏನು ಕಾರಣ ಕೊಡಲಿ? ಬಾಡಿಗೆ ಕಡಿಮೆ ಎಂದೆ. ನೀನೂ ಅಂದಿದ್ದೆಯಲ್ಲ, ನನ್ನನ್ನು ವಿಮಾನಕ್ಕೆ ಬಿಡಲು ಬರುವಾಗ: "ನಿಂಗೆ ಒಮಾಹಾನೇ ಸರಿ ಕಣೇ, ಎಲ್ಲಿ ಹಾಕಿದ್ರೂ ಹೊಂದ್ಕೋತೀಯ ನೀನು" ಎಂದು. ಹಾಗೇ ಆಯಿತು ನೋಡು.

ರಮೋನಾಳ ಮನೆಯ ಹಿಂದಿನ ಬೀದಿಯಲ್ಲೇ ಒಂದು ಮಹಡಿ ಮನೆ ಸಿಕ್ಕಿದೆ. ಕಿಟಕಿ ತೆರೆದರೆ ಟೈರ್ ಅಂಗಡಿ. ಅಪ್ಪ ಟ್ರಕ್ ಬಾಡಿಗೆಗೆ ಹಿಡಿದು ಸಾಮಾನು ಸಾಗಿಸಲು ಬರುತ್ತೇನೆ ಎಂದಿದ್ದಾನೆ. ಬೆನ್ನು ನೋವು ಅವನಿಗೆ, ಬೇಡ ಅಂದರೂ ಕೇಳುವುದಿಲ್ಲ. ಹೋಗುವುದಕ್ಕೆ ಸಂತೋಷವಾಗುತ್ತಿದೆಯೇ ಎಂದು ನೀನು ಕೇಳಿದರೆ, ಇನ್ನೂ ಇಲ್ಲ. ಬೇಸರವೂ ಇಲ್ಲ. ಆದರೆ ಮೊನ್ನೆ ಮೇಲ್ಸೇತುವೆಯ ಕೆಳಗೆ ಹೋಗುವಾಗ ತಲೆಯೆತ್ತಿ ಒಂದು ಬಿರುಕನ್ನು ನೋಡಿದೆ. ಅಷ್ಟಾದರೂ ಆಯಿತಲ್ಲ.

ನಿಮ್ಮ ಮನೆಯಲ್ಲಿ ಮಾಡಿದ ಉಪಚಾರಕ್ಕೆ ಇಬ್ಬರಿಗೂ ನಾನು ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಹೊಳೆಯ ಪಕ್ಕ ಓಟಿಸ್‌ನ ಗಾಡಿ ತಳ್ಳಿಕೊಂಡು ನಡೆದದ್ದು ಚೆನ್ನಾಗಿತ್ತು. ಗ್ರಾಂಟ್‌ಗೆ ನನ್ನ ನೆನಪು ತಿಳಿಸು. ಓಟಿಸ್ ಗಟ್ಟಿಮುಟ್ಟಾಗಿ ಬೆಳೆಯಲಿ, ನಿನ್ನ ಹಾಗೆ ಜೋರಾಗಿ ನಗಲಿ, ಅವನಿಗೆ ಜೊತೆಗಾರರು ಯಾವತ್ತೂ ಕಡಿಮೆಯಾಗದಿರಲಿ. ನಿನಗೆ ರಾತ್ರಿ ನಾಲ್ಕು ಗಳಿಗೆಯಾದರೂ ನಿದ್ದೆ ಸಿಗಲಿ.

ಎಂದಿಗೂ ನಿನ್ನವಳೇ,
ಕಾರ್ಲಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ. ಮಾರ್ಚ್‌ನಲ್ಲಿ ನಾನು ನಿಮ್ಮಲ್ಲಿಗೆ ಬಂದದ್ದು ಊರು ನೋಡಲಿಕ್ಕಲ್ಲ. ಕಚೇರಿ ಮುಚ್ಚುವ ಸುದ್ದಿ ಬಂದ ದಿನವೇ ನಾನು ಡೇಲ್‌ಗೆ ಬಾಯ್ಸಿ ಎಂದು ಹೇಳಿಯಾಗಿತ್ತು, ಬೇಡ ಎಂದದ್ದು ನಿಮ್ಮಲ್ಲಿಂದ ವಾಪಸ್ ಬಂದ ಮೇಲೆ. ಯೋಚನೆಯನ್ನೇ ಮಾಡಿರಲಿಲ್ಲ. ಓದು ಮುಗಿದ ಮೇಲೆ ಒಂದೇ ಬೀದಿಯಲ್ಲಿ ಮನೆ ಮಾಡೋಣ ಎಂದು ನಾವು ಹೇಳಿಕೊಳ್ಳುತ್ತಿದ್ದುದನ್ನು ನಾನು ನಿಜವೆಂದೇ ಇಟ್ಟುಕೊಂಡಿದ್ದೆ. ಅದನ್ನು ನಿನ್ನ ಎದುರಿಗೇ ಹೇಳಬೇಕು, ನಿನ್ನ ಮುಖ ನೋಡಬೇಕು ಅಂತ ಬಂದೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಗ್ರಾಂಟ್ ಪ್ಯಾನ್‌ಕೇಕ್ ಮಗುಚುತ್ತ, "ಕಾರ್ಲಾ ಇಲ್ಲಿಗೇ ಬರ್ಲಿ ಬಿಡು, ಓಟಿಸ್‌ಗೂ ಒಬ್ಬಳು ಚಿಕ್ಕಮ್ಮ ಸಿಕ್ಕಿದ ಹಾಗಾಯ್ತು" ಎಂದನಲ್ಲ, ಆಗ ಹೇಳಿಬಿಡೋಣ ಎಂದು ನಿನ್ನ ಕಡೆ ತಿರುಗಿದೆ. ನೀನು ನಲ್ಲಿ ಬಿಟ್ಟು, ಆಗಲೇ ತೊಳೆದಿಟ್ಟಿದ್ದ ಲೋಟವನ್ನು ಮತ್ತೆ ತೊಳೆಯತೊಡಗಿದೆ. ನೀರಿನ ಸದ್ದು ನಿಲ್ಲಲಿ ಎಂದು ಕಾದೆ. ನಿಂತ ಮೇಲೆ ನೀನು ತಿರುಗದೆಯೇ, "ಇನ್ನೊಂಚೂರು ಕಾಫಿ ಹಾಕ್ಲಾ?" ಎಂದು ಕೇಳಿದೆ. ನಾನು ಹಾಕು ಎಂದೆ.