ವರ್ಷಕ್ಕೊಂದು ವಿದ್ಯೆ

ಭಾನುವಾರ, ಜುಲೈ ೧೪

ಪ್ರೀತಿಯ ತಮ್ಮನಿಗೆ ಅಕ್ಕನ ತುಂಬು ಮನಸ್ಸಿನ ಹರಕೆ.

ನಿನ್ನ ಪತ್ರ ಗುರುವಾರ ತಲುಪಿತು. ಈಜು ಬಿಟ್ಟರೆ ಬೇರೇನೂ ಬೇಡವೆನ್ನುವ ನಿನ್ನ ಮಗಳಿಗೆಂದು ನಾನು ಬರೆದು ಕಳಿಸಿದ್ದ ಆರು ವಿದ್ಯೆಗಳ ವೇಳಾಪಟ್ಟಿಯನ್ನು ಅದರೊಳಗೇ ಮಡಚಿ ಹಿಂದಿರುಗಿಸಿದ್ದೀಯ. ಮೂವತ್ತನಾಲ್ಕು ವರ್ಷ ಇತಿಹಾಸ ಪಾಠ ಮಾಡಿದ ನಾನು ಬರೆದುಕೊಟ್ಟದ್ದನ್ನು ಹೀಗೆ ವಾಪಸು ಮಾಡಿದವರು ಈವರೆಗೆ ಯಾರೂ ಇರಲಿಲ್ಲ. ಸಿಟ್ಟು ಬಂತು. ಆಮೇಲೆ ಕೊನೆಯ ಸಾಲು ಓದಿದೆ: "ಬಡಗಿ ಮೇಷ್ಟ್ರ ಹತ್ರದಿಂದ ನನ್ನನ್ನ ಯಾಕೆ ಬಿಡಿಸಿದೆ ಅಂತ ನಿಜ ಹೇಳಕ್ಕ. ಹೇಳೋವರೆಗೂ ನಮ್ಮನೆಗೆ ಬರಬೇಡ."

ಅಮ್ಮ ತೀರಿಕೊಂಡಾಗ ನಿನಗೆ ಏಳು ವರ್ಷ, ನನಗೆ ಇಪ್ಪತ್ತೆರಡು. ಒಬ್ಬನೇ ಮನುಷ್ಯ ಚಿತ್ರ ಬರೆದು, ಸೇತುವೆಗೆ ನಕ್ಷೆ ಹಾಕಿ, ವಾದ್ಯ ನುಡಿಸಿ, ನಕ್ಷತ್ರಗಳ ಲೆಕ್ಕವನ್ನೂ ಬಲ್ಲವನಾಗಿದ್ದ ಕಾಲದ ಪಾಠವನ್ನು ತರಗತಿಯಲ್ಲಿ ಮಾಡುವಾಗ ನನ್ನ ಕಣ್ಣ ಮುಂದೆ ನೀನೇ ನಿಲ್ಲುತ್ತಿದ್ದೆ. ಅದಕ್ಕೇ ವರ್ಷಕ್ಕೊಂದು ವಿದ್ಯೆ, ವರ್ಷಕ್ಕೊಬ್ಬ ಗುರು ಎಂಬ ನಿಯಮ. ವರ್ಷ ಮುಗಿದ ದಿನ ಪಿಟೀಲಾಗಲಿ ಕುಂಚವಾಗಲಿ ಬೇರೆ ಮಗುವಿಗೆ ಕೊಟ್ಟುಬಿಡಬೇಕು. ಮನಸ್ಸು ಒಂದಕ್ಕೇ ಅಂಟಿಕೊಳ್ಳಬಾರದು. ನೀನು ಅಳದೆ ಕೊಡುತ್ತಿದ್ದೆ. ಅದನ್ನು ನಾನು ಸಂಸ್ಕಾರವೆಂದು ಭಾವಿಸಿದ್ದೆ.

"ಆಫೀಸಲ್ಲಿ ಫ್ಯಾನ್ ಕೆಟ್ರೂ ನಾನೇ, ಬೀಳ್ಕೊಡುಗೆ ಹಾಡಿಗೂ ನಾನೇ. ಬಡ್ತಿ ಅಂದಾಗ ಮಾತ್ರ ಯಾರಿಗೂ ನನ್ನ ನೆನಪಾಗಲ್ಲ" ಎಂದು ಬರೆದಿದ್ದೀಯ. ನಗಿಸಲು ಬರೆದಿರಬಹುದು. ನನಗೆ ನಗು ಬರಲಿಲ್ಲ.

ಬಡಗಿ ಮೇಷ್ಟ್ರ ಬಳಿ ಹೋಗುವಾಗ ನಿನಗೆ ಹದಿಮೂರು. 'ನಿನ್ನ ಕೈ ಆ ಕೆಲಸಕ್ಕೆ ಒಗ್ಗುವುದಿಲ್ಲವಂತೆ, ಅವರೇ ಹೇಳಿದರು' ಎಂದು ನಿನ್ನನ್ನು ಬಿಡಿಸಿದೆ. ಅವರು ಹಾಗೆ ಹೇಳಿರಲಿಲ್ಲ. ಶಾಲೆಯ ಗೇಟಿನ ತನಕ ಬಂದು, ಅಂಗಿಗೆ ಮೆತ್ತಿದ್ದ ಮರದ ಪುಡಿಯನ್ನು ಕೊಡವಿಕೊಳ್ಳುತ್ತ ಹೇಳಿದ್ದು ಹೀಗೆ: "ಟೀಚರಮ್ಮ, ನಾನು ಗೆರೆ ಹಾಕ್ಕೊಂಡು ಕೊಯ್ಯೋದನ್ನ ಇವನು ಕಣ್ಣಳತೇಲೇ ಕೊಯ್ತಾನೆ. ಇನ್ನೊಂದು ಮೂರು ವರ್ಷ ನನ್ನ ಹತ್ರ ಬಿಡಿ, ನನ್ನನ್ನೇ ಮೀರಿಸ್ತಾನೆ." ಒಂದೇ ಕೆಲಸಕ್ಕೆ ಜೋತುಬೀಳಲು ನಿನ್ನನ್ನು ಬೆಳೆಸುತ್ತಿಲ್ಲವೆಂದೆ. "ಆಯ್ತು ಬಿಡಿ, ಓದಿದವರು ನೀವು" ಎಂದು ಹೊರಟುಹೋದರು.

ನಾನು ಆ ಸುಳ್ಳು ಹೇಳಿದ ಸಂಜೆ ನೀನು ಮೆಟ್ಟಿಲ ಮೇಲೆ ಕುಳಿತು ನಿನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದೆ.

ಮಗು ಈಜಲಿ. ವೇಳಾಪಟ್ಟಿಯನ್ನು ಹರಿದು ಹಾಕಿದ್ದೇನೆ. ಕ್ಷಮಿಸು ಎಂದು ಬರೆಯುವ ಅಭ್ಯಾಸ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಕ್ಷಮಿಸು. ಬರಲೇ ಎಂದು ಕೇಳುವುದಿಲ್ಲ. ಕರೆದರೆ ಬರುತ್ತೇನೆ.

ಇಂತು ನಿನ್ನನ್ನು ಸಾಕಿದ
ಅಕ್ಕ

ತಾ.ಕ.: ನೀನು ಕೇಳಿದ್ದು ನಿಜವನ್ನು, ಮೇಲೆ ಬರೆದದ್ದು ಅರ್ಧ. ಮೇಷ್ಟ್ರು ಬಂದುಹೋದ ಮರುದಿನವೇ ನನ್ನ ಮನಸ್ಸು ಬದಲಾಗಿತ್ತು. ಒಪ್ಪಿಗೆ ಹೇಳಲೆಂದೇ ಅವರ ಮನೆಗೆ ಹೋಗಿದ್ದೆ. ಒಳಗೆ ಅವರ ಹೆಂಡತಿ ನಿನಗೆ ಬಡಿಸುತ್ತಿದ್ದರು. ನೀನು ತಟ್ಟೆ ಮುಂದೆ ಸರಿಸಿ, "ಅಮ್ಮ, ಇನ್ನೊಂಚೂರು ಹಾಕು" ಎಂದೆ. ನಮ್ಮ ಮನೆಯಲ್ಲಿ ನೀನು ಎಂದೂ ಎರಡನೆಯ ಸಲ ಕೇಳಿ ಬಡಿಸಿಕೊಂಡವನಲ್ಲ. ನಾನು ಬಾಗಿಲಿನಿಂದಲೇ ಹಿಂದಿರುಗಿದೆ. ಅಂದು ಸಂಜೆಯೇ ನಿನಗೆ ಆ ಸುಳ್ಳು ಹೇಳಿದೆ.