ಕೋಳಿಗಳನ್ನು ಹೊರಗೆ ಬಿಡಿ

ನೀವು ಒಳ್ಳೆ ನಿದ್ದೆಯಲ್ಲಿದ್ದಿರಿ, ಇವತ್ತು ರಜೆಯಲ್ಲವಾ ಎಂದು ಎಬ್ಬಿಸಲಿಲ್ಲ. ಪೆರಾಬೆಗೆ ಹೋಗಿ ಅಮ್ಮನನ್ನು ನೋಡಿಕೊಂಡು ನಾಳೆ ಸಂಜೆ ಬರುತ್ತೇನೆ.

ಗಂಜಿ ಒಲೆಯ ಮೇಲೆ ಉಂಟು. ಉಪ್ಪಿನಕಾಯಿ ಭರಣಿಯ ಬಾಯಿ ಮೊನ್ನೆಯ ಹಾಗೆ ತೆರೆದು ಬಿಡಬೇಡಿ.

ಎದ್ದ ಕೂಡಲೇ ಕೋಳಿಗೂಡಿನ ಬಾಗಿಲು ತೆಗೆಯಿರಿ. ಆಚೆ ಮನೆಯ ಬಸಳೆ ಬುಡ ಕೆದಕಿದವೆಂದು ನಿಮ್ಮ ಅಣ್ಣ ಬೈದದ್ದಕ್ಕೆ ನಿನ್ನೆ ಇಡೀ ದಿನ ಮುಚ್ಚಿಡಲು ಹೇಳಿ ಹೋದಿರಿ. ನಾನೂ ಮುಚ್ಚಿಟ್ಟೆ. ಮನೆ ಪಾಲಾದದ್ದು ಕೋಳಿಗಳಿಗೆ ಎಂತ ಗೊತ್ತು? ಹುಟ್ಟಿದ ಅಂಗಳಕ್ಕೇ ಓಡುತ್ತವೆ. ಓಡಲಿ. ಕತ್ತಲಾಗುವ ಮೊದಲು ಗೂಡಿಗೆ ಸೇರಿಸಿದರೆ ಸಾಕು, ಕಾಡುಬೆಕ್ಕು ಉಂಟು.

ಅವು ಬೇಲಿ ದಾಟಿದರೆ ನಿಮ್ಮ ಅತ್ತಿಗೆ ಹೊರಗೆ ಬಂದು, "ವೇದಾ, ನಿನ್ನ ಕೋಳಿಗಳು ಪುನಃ ಬಂದವು! ಕಿವಿ ಕೇಳುದಿಲ್ವಾ ಮಾರಾಯ್ತಿ?" ಎಂದು ಕೂಗುತ್ತಾರೆ. "ಬಂದೆ ಅಕ್ಕಾ" ಎಂದು ನಾನು ಓಡುತ್ತೇನೆ. ಒಂದೇ ಒಲೆಯಲ್ಲಿ ಅಡಿಗೆ ಮಾಡಿದವರಿಗೆ ಈಗ ಉಳಿದ ಮಾತು ಅಷ್ಟೇ. ನೀವು ಬೆಳಿಗ್ಗೆ ಹೋದರೆ ರಾತ್ರಿ ಬರುವವರು. ನಿನ್ನೆ ನನ್ನ ಹೆಸರು ಹಿಡಿದು ಯಾರೂ ಕರೆಯಲಿಲ್ಲ.

ಇವತ್ತು ಅವರು ಕೂಗಿದರೆ ಸುಮ್ಮನೆ ಒಳಗೆ ಕೂತುಕೊಳ್ಳಬೇಡಿ. ವೇದಾ ಊರಲ್ಲಿಲ್ಲ, ನಾಳೆ ಬರುತ್ತಾಳೆ ಎಂದು ಹೇಳಿ.